ಕಾರ್ಡಿಗೆ ನಿಲ್ಲುವ ಗ್ಯಾಂಬಿಟ್

ನಮ್ಮ ಮನೆಯ ಚದುರಂಗಕ್ಕೆ ಅವಸರ ಎಂಬುದೇ ಇರಲಿಲ್ಲ. ಮೈಸೂರಿನ ಅಗ್ರಹಾರದ ಹಳೆಯ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿಗೆ ಹಾಲು ಬರುವವರೆಗಿನ ಹೊತ್ತು ದೊಡ್ಡಮ್ಮನ ಆಟಕ್ಕೆ ಮೀಸಲು. ಅವರು ಆಡುತ್ತಿದ್ದುದು ಹಳೆಯ ಕ್ರಮ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ರಾಜ ಇಡೀ ಆಟದಲ್ಲಿ ಒಂದು ಸಲ, ಅದೂ ಚೆಕ್ ಬೀಳುವ ಮೊದಲು, ಕುದುರೆಯ ಹಾಗೆ ಹಾರಿ ಮೂಲೆ ಸೇರಬಹುದು. ಕೊನೆಯ ಸಾಲು ಮುಟ್ಟಿದ ಕಾಲಾಳು ಯಾವ ಕಾಯಿಯ ಮನೆಯಲ್ಲಿ ನಿಂತಿತೋ ಆ ಕಾಯಿಯೇ ಆಗಬೇಕು. ಬೇಕೆಂದಾಗಲೆಲ್ಲ ಮಂತ್ರಿ ಸಿಗುವುದಿಲ್ಲ. ಹೀಗಾಗಿ ಮೊದಲ ಹತ್ತು ಹನ್ನೆರಡು ನಡೆ ಯಾರೂ ಯಾರ ಮೈಮೇಲೂ ಬೀಳುತ್ತಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಕೋಟೆ ಕಟ್ಟಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ಯುದ್ಧದ ಮಾತು.

ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ನಾಲ್ಕು ಮನೆಗೂ ಒಂದೊಂದೇ ಸಲ ಕಾಲಿಡಿಸಿ ಸುತ್ತಿಸುವ ಬಂಧಗಳನ್ನು ರಚಿಸಿದ ಊರು ಅದು. ಅಲ್ಲಿ ತಾಳ್ಮೆಯ ಆಟಕ್ಕೆ ಗೌರವ ಇದ್ದದ್ದು ಸಹಜವೇ. ಈ ಹಳೆಯ ಕ್ರಮವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಮೊದಲು ಕಲಿತದ್ದು ಇದೇ ಬಗೆಯ ಆಟವನ್ನು. ಯುರೋಪಿನ ನಿಯಮಗಳನ್ನು ತಡವಾಗಿ ಕಲಿತ ಆತ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಕಪಾಬ್ಲಾಂಕನನ್ನೇ ಸೋಲಿಸಿದ. ಆದರೆ ಆಟದ ಆರಂಭ ಅವನಿಗೆ ಕೊನೆಯವರೆಗೂ ತೊಡಕಾಗಿಯೇ ಉಳಿಯಿತು.

ರಜೆಗೆ ಬಂದ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಹಾಸ್ಟೆಲ್ಲಿನಲ್ಲಿ ಕಲಿತ ಹೊಸ ಕ್ರಮವನ್ನು ಮನೆಗೆ ತಂದ. ಮೊದಲ ನಡೆಯಲ್ಲೇ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ತಳ್ಳಿದ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು.

“ಎರಡು ಮನೆ ಹಾರೋ ಕಾಲಾಳು ಯಾವ ದೇಶದ್ದೋ? ಅಷ್ಟು ಅವಸರ ಇದ್ರೆ ಕುದುರೆ ಹತ್ಕೊಂಡು ಹೋಗ್ಬೇಕಿತ್ತು.”

ಅವರು ತಮಾಷೆಗೆ ಅಂದರೂ ಮಾತು ನಿಜ. ಆ ಎರಡು ಮನೆಯ ಹಾರಿಕೆಯಿಂದ ಆಟದ ಚಹರೆಯೇ ಬದಲಾಯಿತು. ಎರಡನೇ ನಡೆಗೇ ಎರಡೂ ಕಡೆಯ ಕಾಲಾಳುಗಳು ಎದುರುಬದುರಾಗುತ್ತವೆ, ಹೊಡೆಯುವುದೋ ಬಿಡುವುದೋ ಎಂಬ ಪ್ರಶ್ನೆ ಆಗಲೇ ಎದ್ದು ನಿಲ್ಲುತ್ತದೆ. ಆಟದ ಆರಂಭದಲ್ಲೇ ಒಂದು ಕಾಲಾಳನ್ನೋ ಕಾಯಿಯನ್ನೋ ಬಲಿ ಕೊಟ್ಟು, ಅದಕ್ಕೆ ಬದಲಾಗಿ ಬೇಗ ಬೇಗ ಕಾಯಿಗಳನ್ನು ಹೊರಗೆ ತರುವ ಗ್ಯಾಂಬಿಟ್‌ಗಳಿಗೆ ಅಂಥ ಜಗಳಗಂಟ ಆರಂಭವೇ ಬೇಕು. ದೊಡ್ಡಮ್ಮನ ಆಟದಲ್ಲಿ ಅವಕ್ಕೆ ಜಾಗವಿರಲಿಲ್ಲ.

ನನಗೆ ಗ್ಯಾಂಬಿಟ್‌ನ ಪರಿಚಯ ಆದದ್ದು ಅಂಚೆಯ ಮೂಲಕ. ಪಕ್ಕದ ವಠಾರದ ಕೊನೆಯ ಮನೆಯಲ್ಲಿ ಅಂಚೆ ಇಲಾಖೆಯ ನೌಕರರೊಬ್ಬರಿದ್ದರು. ಬೀದಿಯ ಹುಡುಗರಿಗೆಲ್ಲ ಅವರು ‘ಸಾರ್’. ದಿನವಿಡೀ ಊರಿನವರ ಕಾಗದ ವಿಂಗಡಿಸಿ ಮನೆಗೆ ಬಂದವರು ಸಂಜೆ ತಮ್ಮ ಕಾಗದ ಬಿಚ್ಚುತ್ತಿದ್ದರು. ಬಂದ ಕಾರ್ಡುಗಳಲ್ಲಿ ಕ್ಷೇಮ ಸಮಾಚಾರ ಇರುತ್ತಿರಲಿಲ್ಲ. ಒಂದು ತಾರೀಖು, ಆಟದ ಸಂಖ್ಯೆ, ನಾಲ್ಕು ಅಂಕಿ, ಒಂದು ಸಹಿ, ಅಷ್ಟೇ. ಅವರು ಊರೂರಿನ ಅಪರಿಚಿತರ ಜೊತೆ ಕಾರ್ಡಿನಲ್ಲಿ ಚೆಸ್ ಆಡುತ್ತಿದ್ದರು. ದೇಶದೊಳಗಿನ ಆಟಕ್ಕೆ 15 ಪೈಸೆಯ ಪೋಸ್ಟ್‌ಕಾರ್ಡ್ ಸಾಕಾಗುತ್ತಿದ್ದ ಕಾಲ ಅದು. ಒಂದು ಆಟ ಮುಗಿಯಲು ವರ್ಷ ಹಿಡಿದರೂ ಯಾರಿಗೂ ಬೇಸರವಿಲ್ಲ.

ಒಂದು ಸಂಜೆ ಅವರು ಬರೆದಿಟ್ಟಿದ್ದ ಕಾರ್ಡಿನಲ್ಲಿ 2224 ಎಂದಿತ್ತು.

“ಸಾರ್, ಇದೇನು ಲಾಟರಿ ನಂಬರಾ?”

“ಅಲ್ಲ ಕಣಪ್ಪ. ಎಡಗಡೆಯಿಂದ ಎರಡನೇ ಸಾಲು, ಕೆಳಗಿನಿಂದ ಎರಡನೇ ಮನೆ, ಅದು 22. ಅಲ್ಲಿರೋ ಕಾಲಾಳು 24ಕ್ಕೆ ಹೋಗುತ್ತೆ. ಬೇರೆ ಭಾಷೆಯವರಿಗೂ ಅರ್ಥ ಆಗ್ಲಿ ಅಂತ ಈ ಅಂಕಿ. ಬಾ, ಹಲಗೆ ಹಾಕು, ತೋರಿಸ್ತೀನಿ.”

ಹಲಗೆಯ ಮೇಲೆ ಅದುವರೆಗಿನ ನಡೆಗಳನ್ನು ಜೋಡಿಸಿದರು. ಎರಡೂ ಕಡೆ ರಾಜನ ಕಾಲಾಳು ಎರಡು ಮನೆ ಬಂದಿದೆ, ಒಂದೊಂದು ಕುದುರೆ ಹೊರಬಿದ್ದಿದೆ, ಒಂದೊಂದು ಒಂಟೆ ಸಿ ಸಾಲಿನಲ್ಲಿ ಬಂದು ನಿಂತಿದೆ. ಈಗ ಬಿಳಿಯ ನಾಲ್ಕನೇ ನಡೆ: ಬಿ ಸಾಲಿನ ಕಾಲಾಳು ನೇರ ಬಿ4ಕ್ಕೆ, ಕಪ್ಪು ಒಂಟೆಯ ಬಾಯಿಗೆ. ಒಂಟೆ ಹೊಡೆಯುತ್ತದೆ. ಮರುನಡೆಯಲ್ಲಿ ಪಕ್ಕದ ಕಾಲಾಳು ಸಿ3ಕ್ಕೆ ಬಂದು ಅದೇ ಒಂಟೆಯನ್ನು ಅಟ್ಟುತ್ತದೆ. ಅದು ಎ5ಕ್ಕೆ ಓಡಿತು ಅನ್ನಿ; ಬಿಳಿಯ ಡಿ ಕಾಲಾಳು ಎರಡು ಮನೆ ಮುಂದೆ ಬಂದು ಹಲಗೆಯ ನಡುಮಧ್ಯವನ್ನು ಆಕ್ರಮಿಸುತ್ತದೆ. ಸಾರ್ ಬೆರಳಿಟ್ಟು ಎಣಿಸಿ ತೋರಿಸಿದರು. ಕಪ್ಪಿನ ಒಂದೇ ಒಂಟೆ ಮೂರು ಸಲ ಮನೆ ಬದಲಿಸಿದೆ. ಅಷ್ಟರಲ್ಲಿ ಬಿಳಿಯ ದಾರಿಗಳೆಲ್ಲ ತೆರೆದು, ರಾಜ ಮೂಲೆ ಸೇರಲು ಒಂದೇ ನಡೆ ಬಾಕಿ. ಒಂದು ಕಾಲಾಳಿಗೆ ಇಷ್ಟು ಸಿಕ್ಕಿತು.

ಇದು ಇವಾನ್ಸ್ ಗ್ಯಾಂಬಿಟ್. 1820ರ ದಶಕದಲ್ಲಿ ಇದನ್ನು ಬಳಕೆಗೆ ತಂದ ವಿಲಿಯಂ ಡೇವಿಸ್ ಇವಾನ್ಸ್ ವೇಲ್ಸ್‌ನವನು, ಬ್ರಿಟನ್ನಿನಿಂದ ಐರ್ಲೆಂಡಿಗೆ ಟಪಾಲು ಸಾಗಿಸುವ ಹಡಗಿನ ಕಪ್ತಾನ. ಸಾರ್‌ಗೆ ಅವನ ಮೇಲೆ ವಿಶೇಷ ಅಭಿಮಾನ. “ನಮ್ಮ ಇಲಾಖೆಯವನೇ” ಎನ್ನುತ್ತಿದ್ದರು, ಪಕ್ಕದ ಕೌಂಟರಿನಲ್ಲಿ ಕೂತವನ ಬಗ್ಗೆ ಹೇಳುವ ಹಾಗೆ.

ಆ ಸಂಜೆ ಅವರು ಹೇಳಿದ ಮಾತೊಂದು ಇವತ್ತಿಗೂ ನನ್ನ ಅಳತೆಗೋಲು. ಎದುರಾಳಿ ತಪ್ಪಿ ಬೀಳಲಿ ಎಂದು ಹೂಡುವ ಬಲೆಗಳ ಬಗ್ಗೆ ನಾನು ಕೇಳಿದ್ದೆ. ಶಾಲೆಯಲ್ಲಿ ಅವು ಚಲಾವಣೆಯಲ್ಲಿದ್ದವು. ಸಾರ್ ಕಾರ್ಡನ್ನು ಎತ್ತಿ ಹಿಡಿದರು.

“ಈ ಕಾರ್ಡು ಅವನಿಗೆ ತಲುಪೋಕೆ ನಾಲ್ಕು ದಿನ. ಆಮೇಲೆ ಅವನು ಪುಸ್ತಕ ತೆಗೀತಾನೆ, ಹಲಗೆ ಹಾಕ್ತಾನೆ, ರಾತ್ರಿಯೆಲ್ಲ ಯೋಚಿಸ್ತಾನೆ. ಇದಕ್ಕೆ ಸರಿಯಾದ ಉತ್ತರ ಏನಿದೆಯೋ ಅದನ್ನೇ ಬರೀತಾನೆ. ಅವನಿಗೆ ಗೊತ್ತಾಗದೇ ಇರ್ಲಿ ಅಂತ ದೇವರಿಗೆ ಕೈ ಮುಗಿದು ಕಾರ್ಡು ಹಾಕೋಕಾಗುತ್ತಾ? ಉತ್ತರ ಬಂದ ಮೇಲೂ ನನಗೆ ಆಡೋಕೆ ಏನಾದ್ರೂ ಉಳಿದಿರಬೇಕು. ಅಂಥದ್ದನ್ನ ಮಾತ್ರ ಬರೆದು ಕಳಿಸ್ತೀನಿ.”

ಹೊಸಬರು ಗ್ಯಾಂಬಿಟ್ ಆಡಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ನಾನು ಮೊದಲು ಹಾಕುವ ಒರೆಗಲ್ಲು ಇದೇ. ಕಾರ್ಡಿನಲ್ಲಿ ಬರೆದು ಕಳಿಸಬಹುದಾದ ಗ್ಯಾಂಬಿಟ್ ಆದರೆ ಧಾರಾಳವಾಗಿ ಆಡಲಿ.

ಸೋದರಮಾವ ನವಕರ್ನಾಟಕದ ಪುಸ್ತಕ ಮಾರಾಟದಲ್ಲಿ ಕೊಂಡು ತಂದ ಸೋವಿಯತ್ ಚೆಸ್ ಪುಸ್ತಕ ನನಗೆ ಇನ್ನೊಂದು ಬಾಗಿಲು ತೆರೆಯಿತು. ಗಟ್ಟಿ ರಟ್ಟು, ಚೀಪು ಬೆಲೆ, ಪುಟಕ್ಕೆರಡು ಹಲಗೆಯ ಚಿತ್ರ. ಅದರಲ್ಲಿ ‘ಅಮರ ಆಟ’ ಇತ್ತು: 1851ರ ಲಂಡನ್, ಬ್ರೆಸ್ಲೌ ಪಟ್ಟಣದ ಗಣಿತದ ಮೇಷ್ಟ್ರು ಅಡಾಲ್ಫ್ ಆಂಡರ್ಸನ್, ಎದುರಿಗೆ ಲಿಯೊನೆಲ್ ಕೀಸರಿಟ್ಸ್ಕಿ. ಆಂಡರ್ಸನ್ ಆಡಿದ್ದು ಕಿಂಗ್ಸ್ ಗ್ಯಾಂಬಿಟ್, ಎರಡನೇ ನಡೆಗೇ ರಾಜನ ಒಂಟೆಯ ಮುಂದಿನ ಕಾಲಾಳನ್ನು ಕೊಡುವ ಆರಂಭ. ಅಲ್ಲಿಂದ ಮುಂದೆ ಒಂದು ಒಂಟೆ, ಎರಡೂ ಆನೆ, ಕೊನೆಗೆ ಮಂತ್ರಿಯನ್ನೂ ಕೊಟ್ಟು, ಉಳಿದ ಎರಡು ಕುದುರೆ ಮತ್ತು ಒಂದು ಒಂಟೆಯಿಂದ 23ನೇ ನಡೆಯಲ್ಲಿ ಚೆಕ್‌ಮೇಟ್. ಆ ಪುಟವನ್ನು ಹಲಗೆಯ ಮೇಲೆ ಆಡಿ ನೋಡಿದ ಹುಡುಗ ಮತ್ತೆ ಕಾಲಾಳು ಎಣಿಸುತ್ತ ಕೂರುವುದು ಕಷ್ಟ.

ನಾನೂ ಕೂರಲಿಲ್ಲ. ಕೆಲವು ವರ್ಷ ಬಿಳಿ ಕಾಯಿ ಸಿಕ್ಕಾಗಲೆಲ್ಲ ಇವಾನ್ಸ್, ಇಲ್ಲವೇ ಕಿಂಗ್ಸ್ ಗ್ಯಾಂಬಿಟ್. ಆ ಆಟಗಳಿಂದ ದಕ್ಕಿದ್ದು ಬಹಳ. ಕಾಯಿಗಳನ್ನು ಬೇಗ ಹೊರತೆಗೆಯುವುದು ಪುಸ್ತಕದ ಬುದ್ಧಿವಾದವಾಗಿ ಉಳಿಯದೆ ಅನಿವಾರ್ಯವಾಯಿತು. ಕಾಲಾಳು ಕೊಟ್ಟಾಗಿದೆ, ಈಗ ಒಂದು ನಡೆ ದಂಡವಾದರೂ ಕೊಟ್ಟದ್ದು ನೀರಿಗೆ ಬಿತ್ತು. ಅಡ್ವಾನ್ಸ್ ಕೊಟ್ಟು ಬಾಡಿಗೆ ಮನೆ ಹಿಡಿದವನು ಸಾಮಾನು ಸಾಗಿಸದೆ ತಿಂಗಳು ಕಳೆದರೆ ನಷ್ಟ ಯಾರಿಗೆ, ಎಂದು ಸಾರ್ ಕೇಳುತ್ತಿದ್ದರು. ಒಂದು ಕಾಯಿ ಹೋದ ಕೂಡಲೇ ಕೈಚೆಲ್ಲುವ ಅಳುಕೂ ಹೋಯಿತು. ಹೊಸದಾಗಿ ಕಲಿತವರ ಆಟದಲ್ಲಿ ನಾನು ಹೆಚ್ಚಾಗಿ ಕಾಣುವ ಕಾಯಿಲೆ ಈ ಅಳುಕು. ಒಂದು ಕಾಲಾಳು ಕಳೆದುಕೊಂಡರೆ ಮುಖ ಬಾಡುತ್ತದೆ, ಮುಂದಿನ ನಡೆಗಳೆಲ್ಲ ಅಡ್ಡಾದಿಡ್ಡಿ. ಗ್ಯಾಂಬಿಟ್ ಆಡುವ ಮಗು ಆ ನಷ್ಟವನ್ನು ತಾನೇ ಆರಿಸಿಕೊಂಡಿರುತ್ತದೆ. ಹಲಗೆಯ ಮೇಲೆ ಕಾಯಿಯ ಬೆಲೆಯ ಜೊತೆಗೆ ಸಮಯದ ಬೆಲೆಯೂ ಇದೆ ಎಂದು ಅದಕ್ಕೆ ಯಾರೂ ಬಾಯಲ್ಲಿ ಹೇಳಬೇಕಾಗಿಲ್ಲ.

ಆದರೆ ಸಾರ್ ನನ್ನನ್ನು ಬಿಳಿಯ ಕಡೆಯೇ ಕೂರಲು ಬಿಡಲಿಲ್ಲ. ಒಂದು ದಿನ ಹಲಗೆ ತಿರುಗಿಸಿದರು.

“ಇವತ್ತು ನೀನು ಕಪ್ಪು. ನಾನು ಕೊಟ್ಟಿದ್ದನ್ನ ತಗೋ. ತಗೊಂಡ ಮೇಲೆ ಯಾವಾಗ ವಾಪಸ್ ಕೊಡ್ತೀಯ ಅಂತ ಯೋಚಿಸು.”

ವಾಪಸ್ ಕೊಡುವುದೇ? ಗೆದ್ದ ಕಾಲಾಳನ್ನು ಯಾರಾದರೂ ವಾಪಸ್ ಕೊಡುತ್ತಾರೆಯೇ? ಕೊಡುತ್ತಾರೆ ಎಂದು 1895ರಲ್ಲೇ ಲಂಡನ್ನಿನ ಉಪನ್ಯಾಸಗಳಲ್ಲಿ ತೋರಿಸಿದವನು ಆಗಿನ ವಿಶ್ವ ಚಾಂಪಿಯನ್ ಇಮ್ಯಾನುಯೆಲ್ ಲಾಸ್ಕರ್. ಇವಾನ್ಸ್ ಗ್ಯಾಂಬಿಟ್‌ನಲ್ಲಿ ಕಪ್ಪು ಒಂಟೆಯನ್ನು ಎ5ರಿಂದ ಬಿ6ಕ್ಕೆ ಸರಿಸಿ, ಡಿ ಕಾಲಾಳನ್ನು ಒಂದು ಮನೆ ಇಟ್ಟು ಕೂರುವುದು ಅವನ ಕ್ರಮ. ಬಿಳಿಗೆ ಕಾಲಾಳು ಬೇಕೆಂದರೆ ತೆಗೆದುಕೊಳ್ಳಲಿ. ಆ ಹೊಡೆದಾಟದಲ್ಲಿ ಮಂತ್ರಿಗಳೆರಡೂ ಹಲಗೆಯಿಂದ ಇಳಿಯುತ್ತವೆ, ಬಿಳಿಯ ಎ ಮತ್ತು ಸಿ ಸಾಲಿನ ಕಾಲಾಳುಗಳು ಜೊತೆಗಾರರಿಲ್ಲದೆ ಒಂಟಿಯಾಗಿ ಉಳಿಯುತ್ತವೆ. ಲೆಕ್ಕ ಸಮ, ಆದರೆ ಬಿಳಿ ಯಾವ ದಾಳಿಗಾಗಿ ಇಷ್ಟೆಲ್ಲ ಮಾಡಿತ್ತೋ ಆ ದಾಳಿಯೇ ಇಲ್ಲ. ಇವಾನ್ಸ್ ಗ್ಯಾಂಬಿಟ್ ದೊಡ್ಡ ಟೂರ್ನಿಗಳಿಂದ ಬಹುಕಾಲ ಮರೆಯಾಗಲು ಇದೊಂದು ಮುಖ್ಯ ಕಾರಣ.

ಕೊಡುವುದಕ್ಕಿಂತ ಮರಳಿ ಕೊಡುವುದು ಕಷ್ಟ ಎಂದು ಅಂದು ಕಪ್ಪಿನ ಕಡೆ ಕೂತಾಗ ತಿಳಿಯಿತು. ಕೈಗೆ ಬಂದ ಕಾಲಾಳಿನ ಮೇಲೆ ಮಮತೆ ಬೆಳೆಯುತ್ತದೆ. ಅದನ್ನು ಉಳಿಸಿಕೊಳ್ಳಲು ಹೋಗಿ ಕಾಯಿಗಳು ಮೂಲೆ ಸೇರುತ್ತವೆ, ರಾಜ ನಡುಬೀದಿಯಲ್ಲಿ ಸಿಕ್ಕಿಬೀಳುತ್ತಾನೆ. ಮಕ್ಕಳು ಗ್ಯಾಂಬಿಟ್‌ಗೆ ಸೋಲುವುದು ಬಹುಪಾಲು ಹೀಗೆಯೇ. ಆದ್ದರಿಂದ ಗ್ಯಾಂಬಿಟ್ ಕಲಿಸುವವರಿಗೆ ನನ್ನದು ಒಂದೇ ಷರತ್ತು: ಎರಡೂ ಕಡೆ ಕೂರಿಸಿ.

ನಮ್ಮ ದೇಶಕ್ಕೂ ಗ್ಯಾಂಬಿಟ್‌ಗೂ ಇರುವ ನಂಟೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಕಲ್ಕತ್ತೆಯಲ್ಲಿ ವಕೀಲಿ ಮಾಡುತ್ತಿದ್ದ ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್, ಬಂಗಾಳದ ಮಹೇಶಚಂದ್ರ ಬ್ಯಾನರ್ಜಿಯ ಜೊತೆ ಆಡಿದ ಆಟಗಳು ಬರಹದಲ್ಲಿ ಉಳಿದಿವೆ. 1848ರ ಒಂದು ಆಟದಲ್ಲಿ ಕಾಕ್ರೇನ್ ನಾಲ್ಕನೇ ನಡೆಗೇ ಕುದುರೆಯನ್ನು ಎಫ್7ಕ್ಕೆ ನುಗ್ಗಿಸಿ, ಎರಡು ಕಾಲಾಳಿಗೆ ಒಂದು ಕುದುರೆಯನ್ನೇ ಕೊಟ್ಟ. ಇವತ್ತಿಗೂ ಅದು ಕಾಕ್ರೇನ್ ಗ್ಯಾಂಬಿಟ್. ಇತ್ತ ಮಹೇಶಚಂದ್ರ ಒಂಟೆಯನ್ನು ಪಕ್ಕದ ಗೂಡಿನಲ್ಲಿಟ್ಟು, ಕಾಲಾಳುಗಳನ್ನು ಒಂದೊಂದೇ ಮನೆ ಸರಿಸಿ, ಎದುರಾಳಿಗೆ ನಡುಮಧ್ಯ ಬಿಟ್ಟುಕೊಟ್ಟು ಕಾಯುವ ಬಗೆಯ ಆಟಕ್ಕೆ ಹೆಸರಾದ. ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಅಲ್ಲಿಂದಲೇ ಬಂತು. ದೊಡ್ಡಮ್ಮ ಆ ಆಟಗಳನ್ನು ನೋಡಿದ್ದರೆ ಯಾರ ಪಕ್ಷ ಹಿಡಿಯುತ್ತಿದ್ದರು ಎಂದು ಬೇರೆ ಹೇಳಬೇಕಿಲ್ಲ. ನನಗೆ ಮಾತ್ರ ಎರಡೂ ಬೇಕು. ಕಾಕ್ರೇನನ ಧಾಟಿ ಗೊತ್ತಿಲ್ಲದವನಿಗೆ ಮಹೇಶಚಂದ್ರ ಯಾವುದಕ್ಕೆ ಕಾಯುತ್ತಿದ್ದಾನೆ ಎಂಬುದೇ ಹೊಳೆಯುವುದಿಲ್ಲ.

ಈಗ ಬೆಂಗಳೂರಿನಲ್ಲಿ, ನಾನಿರುವ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಭಾನುವಾರ ಬೆಳಿಗ್ಗೆ ಕೆಲವು ಮಕ್ಕಳ ಜೊತೆ ಕೂರುತ್ತೇನೆ. 2020ರಲ್ಲಿ ‘ದಿ ಕ್ವೀನ್ಸ್ ಗ್ಯಾಂಬಿಟ್’ ಧಾರಾವಾಹಿ ಬಂದಾಗ ಒಂದು ಅಲೆ, 2024ರ ಡಿಸೆಂಬರಿನಲ್ಲಿ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದಾಗ ಇನ್ನೂ ದೊಡ್ಡ ಅಲೆ. ಮಕ್ಕಳು ಬರುವಾಗಲೇ ಮೊಬೈಲಿನಲ್ಲಿ ನೋಡಿ ಏನಾದರೊಂದು ಕಲಿತು ಬಂದಿರುತ್ತಾರೆ, ಮುಕ್ಕಾಲುಪಾಲು ಬಲೆಗಳನ್ನೇ.

ಅವರಲ್ಲಿ ಐದನೇ ಕ್ಲಾಸಿನ ಚುರುಕು ಹುಡುಗಿಯೊಬ್ಬಳಿದ್ದಾಳೆ. ಕಪ್ಪು ಸಿಕ್ಕರೆ ಅವಳದು ಇಂಗ್ಲಂಡ್ ಗ್ಯಾಂಬಿಟ್. ಸ್ವೀಡನ್ನಿನ ಫ್ರಿಟ್ಜ್ ಇಂಗ್ಲಂಡ್ ಎಂಬವನ ಹೆಸರಿನದು, ದೇಶದ ಹೆಸರಲ್ಲ. ಬಿಳಿ ಮಂತ್ರಿಯ ಕಾಲಾಳನ್ನು ಎರಡು ಮನೆ ತಳ್ಳಿದ ಕೂಡಲೇ ಕಪ್ಪು ತನ್ನ ರಾಜನ ಕಾಲಾಳನ್ನು ಅದರ ಬಾಯಿಗೆ ಕೊಡುತ್ತದೆ. ಆಮೇಲೆ ಕಪ್ಪು ಮಂತ್ರಿ ಇ7ಕ್ಕೆ, ಅಲ್ಲಿಂದ ಬಿ4ಕ್ಕೆ ಬಂದು ಚೆಕ್. ಬಿಳಿ ಒಂಟೆ ಡಿ2ಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಮಂತ್ರಿ ಬಿ2ರ ಕಾಲಾಳನ್ನು ಕಬಳಿಸಿ ಆನೆಯ ಪಕ್ಕದಲ್ಲಿ ಕೂರುತ್ತದೆ. ಈಗ ಬಿಳಿಯವನು ಮಂತ್ರಿ ಸಿಕ್ಕಿತೆಂಬ ಆಸೆಗೆ ಒಂಟೆಯನ್ನು ಸಿ3ಕ್ಕೆ ತಂದನೋ, ಕಥೆ ಮುಗಿಯಿತು. ಕಪ್ಪು ಒಂಟೆ ಬಿ4ಕ್ಕೆ ಬಂದು ಅದನ್ನು ಕಟ್ಟಿಹಾಕುತ್ತದೆ. ಬಿಳಿ ಮಂತ್ರಿ ನೆರವಿಗೆಂದು ಡಿ2ಕ್ಕೆ ಬಂದರೆ, ಸಿ3ರಲ್ಲಿ ಒಂಟೆ ಒಂಟೆಯನ್ನು ಹೊಡೆದು, ಬಿಳಿ ಮಂತ್ರಿ ತಿರುಗಿ ಹೊಡೆಯುವಷ್ಟರಲ್ಲಿ ಕಪ್ಪು ಮಂತ್ರಿ ಸಿ1ಕ್ಕೆ ಇಳಿದು ಚೆಕ್‌ಮೇಟ್. ಎಂಟೇ ನಡೆ. ಈ ಸರಣಿಯನ್ನು ಅವಳು ಬಾಯಿಪಾಠ ಮಾಡಿದ್ದಳು. ಶಾಲೆಯಲ್ಲಿ ಅದಕ್ಕೆ ಸಿಕ್ಕವರು ಒಬ್ಬಿಬ್ಬರಲ್ಲವಂತೆ.

ಒಂದು ಭಾನುವಾರ ಎದುರಿಗೆ ಕೂತ ಹುಡುಗ ಮಾತಿನಲ್ಲಿ ಮೆದು, ಆಟದಲ್ಲಿ ನಿಧಾನ. ಮಂತ್ರಿ ಬಿ2ರಲ್ಲಿ ಬಂದು ಕೂತಾಗ ಅವನು ಕೆನ್ನೆಗೆ ಕೈಕೊಟ್ಟು ಬಹಳ ಹೊತ್ತು ನೋಡಿದ. ಒಂಟೆಯ ಮೇಲೆ ಬೆರಳಿಡಲು ಹೋಗಿ ಹಿಂದೆ ತೆಗೆದ. ಕೊನೆಗೆ ಕುದುರೆಯನ್ನು ಸಿ3ಕ್ಕೆ ತಂದಿಟ್ಟ. ಅದೇ ಸರಿಯಾದ ಉತ್ತರ. ಆನೆಗೆ ಕಾವಲು ಸಿಕ್ಕಿತು, ಕುದುರೆಗೆ ಮುಂದೆ ಬಿ5ಕ್ಕೋ ಡಿ5ಕ್ಕೋ ನೆಗೆದು ಸಿ7ರ ಮೇಲೆ ಎರಗುವ ದಾರಿಯೂ ತೆರೆಯಿತು. ಇನ್ನು ಕಪ್ಪು ಮಂತ್ರಿ ಶತ್ರುವಿನ ಮನೆಯಂಗಳದಲ್ಲಿ ದಾರಿ ಹುಡುಕಬೇಕು. ಹುಡುಗಿ ಹಲಗೆ ನೋಡಿದಳು, ನನ್ನ ಮುಖ ನೋಡಿದಳು.

“ಅಂಕಲ್, ಇವನು ತಪ್ಪೇ ಮಾಡ್ಲಿಲ್ಲ. ಈಗ ನಾನೇನ್ ಮಾಡ್ಲಿ?”

ಆ ಪ್ರಶ್ನೆಯಲ್ಲೇ ಆ ಗ್ಯಾಂಬಿಟ್‌ನ ಜಾತಕ ಇದೆ. ಕಪ್ಪಿನ ಕುದುರೆ ಒಂದೇ ಹೊರಗೆ ಬಂದಿದೆ, ಮಿಕ್ಕ ನಡೆಯನ್ನೆಲ್ಲ ಮಂತ್ರಿಯೇ ತಿಂದಿದೆ. ಕೊಟ್ಟ ಕಾಲಾಳಿಗೆ ಪ್ರತಿಯಾಗಿ ಕೊಂಡದ್ದು ಸಮಯವಲ್ಲ, ಎದುರಾಳಿ ತಪ್ಪಲಿ ಎಂಬ ನಿರೀಕ್ಷೆ. ಆ ನಿರೀಕ್ಷೆ ಮುರಿದು ಬಿದ್ದರೆ ಕೈಯಲ್ಲಿ ಬೇರೇನೂ ಇಲ್ಲ. ಇದೇ ಜಾತಿಗೆ ಸೇರಿದ್ದು ಬ್ಲ್ಯಾಕ್‌ಬರ್ನ್ ಶಿಲ್ಲಿಂಗ್ ಗ್ಯಾಂಬಿಟ್: ಮೂರನೇ ನಡೆಗೇ ಕಪ್ಪು ಕುದುರೆ ಡಿ4ಕ್ಕೆ ನೆಗೆದು, ಇ5ರ ಕಾಲಾಳನ್ನು ಕಾವಲಿಲ್ಲದೆ ಬಿಟ್ಟು ಆಸೆ ತೋರಿಸುತ್ತದೆ. ಆಸೆಗೆ ಬಿದ್ದವನಿಗೆ ಏಳೇ ನಡೆಯಲ್ಲಿ ಚೆಕ್‌ಮೇಟ್. ಬೀಳದೆ ಆ ಕುದುರೆಯನ್ನೇ ಹೊಡೆದು ಮುಂದುವರಿದವನಿಗೆ ಸಲೀಸಾದ ಆಟ. ಇವೆಲ್ಲ ಕಾರ್ಡಿನಲ್ಲಿ ಬರೆದು ಕಳಿಸಲು ಆಗದವು. ಹುಟ್ಟುಹಬ್ಬದ ದಿನ ನೆಂಟರ ಮಕ್ಕಳ ಮುಂದೆ ತೋರಿಸಲಿ, ಅಡ್ಡಿಯಿಲ್ಲ. ಅದನ್ನೇ ನೆಚ್ಚಿಕೊಂಡು ಟೂರ್ನಿಗೆ ಹೋದ ಮಗು ಸ್ವಲ್ಪ ದೂರ ಬೇಗ ಏರುತ್ತದೆ; ಮೇಲೆ ಎಲ್ಲರಿಗೂ ಉತ್ತರ ಗೊತ್ತಿರುವ ಕಡೆ ಹೋಗಿ ನಿಂತುಬಿಡುತ್ತದೆ. ಅಷ್ಟು ದಿನ ಅದು ಚೆಸ್ ಆಡುವುದನ್ನು ಕಲಿತಿರುವುದಿಲ್ಲ.

ಕ್ವೀನ್ಸ್ ಗ್ಯಾಂಬಿಟ್‌ನ ಹೆಸರು ಕೇಳಿ ಅಪ್ಪ ಅಮ್ಮಂದಿರು ಅದನ್ನೂ ಅಪಾಯದ ಪಟ್ಟಿಗೆ ಸೇರಿಸುವುದುಂಟು. ಅದರಲ್ಲಿ ಅಪಾಯ ಕಡಿಮೆ. ಬಿಳಿ ಸಿ4ರಲ್ಲಿ ಇಟ್ಟ ಕಾಲಾಳನ್ನು ಕಪ್ಪು ಹೊಡೆಯಬಹುದು, ಆದರೆ ಇಟ್ಟುಕೊಳ್ಳುವುದು ಸುಲಭವಲ್ಲ. ಬಿ5ರಿಂದ ಅದನ್ನು ಕಾಯಲು ಹೋದರೆ ಬಿಳಿ ಎ4 ಆಡುತ್ತದೆ. ಕಪ್ಪು ಸಿ6 ಎಂದು ಒತ್ತಾಸೆ ಕೊಟ್ಟರೆ, ಬಿ5ರಲ್ಲಿ ಕಾಲಾಳುಗಳು ಹೊಡೆದಾಡಿಕೊಂಡ ಮೇಲೆ ಬಿಳಿ ಮಂತ್ರಿ ಎಫ್3ಕ್ಕೆ ಬಂದು ಮೂಲೆಯ ಆನೆಯನ್ನು ಹಿಡಿದುಬಿಡುತ್ತದೆ. ಹೊಸಬರಿಗೆ ಇದು ಒಳ್ಳೆಯ ಪಾಠ. ಬಲಿಯ ರೋಮಾಂಚನ ಮಾತ್ರ ಇದರಲ್ಲಿ ಅಷ್ಟಿಲ್ಲ.

ಕಿಂಗ್ಸ್ ಗ್ಯಾಂಬಿಟ್‌ನ ಕಥೆ ಬೇರೆ. ಅದು ಎದುರಾಳಿಯ ಬಾಗಿಲು ಒಡೆಯುವ ಮೊದಲು ಸ್ವಂತ ರಾಜನ ಬಾಗಿಲನ್ನೇ ತೆಗೆದಿಡುತ್ತದೆ. 1960ರಲ್ಲಿ ಮಾರ್ ದೆಲ್ ಪ್ಲಾಟಾದಲ್ಲಿ ಸ್ಪಾಸ್ಕಿಯ ಕಿಂಗ್ಸ್ ಗ್ಯಾಂಬಿಟ್‌ಗೆ ಸೋತ ಬಾಬಿ ಫಿಶರ್, ಮರುವರ್ಷ ಲೇಖನ ಬರೆದು ಆ ಗ್ಯಾಂಬಿಟ್‌ಗೆ ಮದ್ದು ಕಂಡುಹಿಡಿದೆ ಎಂದು ಸಾರಿದ. 1963ರಲ್ಲಿ ಅಮೆರಿಕದ ಚಾಂಪಿಯನ್‌ಷಿಪ್‌ನಲ್ಲಿ ತಾನೇ ಬಿಳಿ ಕಾಯಿ ಹಿಡಿದು ಕಿಂಗ್ಸ್ ಗ್ಯಾಂಬಿಟ್ ಆಡಿ ಗೆದ್ದ. ಇವಾನ್ಸ್‌ಗೂ ಅಂಥದ್ದೇ ಮರುಹುಟ್ಟು: 1995ರಲ್ಲಿ ರಿಗಾದಲ್ಲಿ ಕ್ಯಾಸ್ಪರೋವ್ ಅದನ್ನು ನಮ್ಮ ಆನಂದ್ ಮೇಲೆ ಪ್ರಯೋಗಿಸಿ 25 ನಡೆಯಲ್ಲಿ ಆಟ ಮುಗಿಸಿದ. ಆನಂದ್‌ಗೆ ಇವಾನ್ಸ್ ಗೊತ್ತಿರಲಿಲ್ಲ ಎನ್ನಲಾದೀತೇ? ಉತ್ತರ ಬಲ್ಲವನ ಎದುರೂ ಆಡಲು ಬೇಕಾದಷ್ಟು ಉಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗ್ಯಾಂಬಿಟ್ ಬೇಡವೇ ಬೇಡ ಎನ್ನುವ ತರಬೇತುದಾರರೂ ಇದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಗ್ಯಾಂಬಿಟ್‌ನ ಆಟಗಳು ಇಪ್ಪತ್ತು ಇಪ್ಪತ್ತೈದು ನಡೆಯಲ್ಲಿ ಒಂದು ಕಡೆ ಒರಗಿಬಿಡುತ್ತವೆ, ಆದ್ದರಿಂದ ಮಗು ಎಂಡ್‌ಗೇಮ್ ಆಡುವುದನ್ನೇ ಕಲಿಯುವುದಿಲ್ಲ ಎನ್ನುತ್ತಾರೆ. ಕಪಾಬ್ಲಾಂಕ 1921ರ ‘ಚೆಸ್ ಫಂಡಮೆಂಟಲ್ಸ್’ ಪುಸ್ತಕವನ್ನು ಶುರು ಮಾಡುವುದೇ ಸರಳ ಚೆಕ್‌ಮೇಟ್ ಮತ್ತು ಎಂಡ್‌ಗೇಮ್‌ಗಳಿಂದ. ಆರಂಭದ ನಡೆಗಳ ಸರದಿ ಆಮೇಲೆ. ಎರಡು ಮೂರು ಕಾಯಿ ಉಳಿದ ಹಲಗೆಯಲ್ಲಿ ಗೆಲ್ಲಲು ಬಾರದವನು ಮಂತ್ರಿ ಬಲಿ ಕೊಟ್ಟು ಮಾಡುವುದೇನು ಎಂಬ ಪ್ರಶ್ನೆಗೆ ನನ್ನ ಬಳಿ ಬಹುಕಾಲ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಡ್ಯಾನಿಶ್ ಗ್ಯಾಂಬಿಟ್‌ನಲ್ಲಿ, ಅದೇ ಹುಡುಗಿಯಿಂದ. ಇಂಗ್ಲಂಡ್ ಬಿಟ್ಟ ಮೇಲೆ ಬಿಳಿಯಲ್ಲಿ ಆಡಲು ಅವಳಿಗೆ ಡ್ಯಾನಿಶ್ ಕೊಟ್ಟಿದ್ದೆ. ಅದರಲ್ಲಿ ಬಿಳಿ ಮೊದಲು ಡಿ ಕಾಲಾಳು, ಆಮೇಲೆ ಸಿ, ಆಮೇಲೆ ಬಿ, ಹೀಗೆ ಒಂದಾದಮೇಲೊಂದು ಕೊಡುತ್ತ ಹೋಗುತ್ತದೆ. ಲೆಕ್ಕ ಹಾಕಿದರೆ ಎರಡು ಕಾಲಾಳು ನಷ್ಟ. ಪ್ರತಿಯಾಗಿ ಎರಡೂ ಒಂಟೆಗಳು ಅಕ್ಕಪಕ್ಕದ ಓಣಿಗಳಲ್ಲಿ ಕಪ್ಪು ರಾಜನ ಮನೆಯ ಕಡೆಗೆ ಕೋವಿ ಹಿಡಿದು ನಿಲ್ಲುತ್ತವೆ. ನೋಡಿದರೆ ಭಯವಾಗುವ ನೋಟ. ಅವಳು ಕೆಲವು ವಾರ ಎಲ್ಲರನ್ನೂ ಸದೆಬಡಿದಳು.

ಆಮೇಲೆ ಆ ನಿಧಾನದ ಹುಡುಗ ಮನೆಯಲ್ಲಿ ಓದಿಕೊಂಡು ಬಂದ. ಐದನೇ ನಡೆಗೆ ತನ್ನ ಡಿ ಕಾಲಾಳನ್ನು ಎರಡು ಮನೆ ಮುಂದಿಟ್ಟು ವಾಪಸ್ ಕೊಟ್ಟ. ಆಸ್ಟ್ರಿಯಾದ ಕಾರ್ಲ್ ಶ್ಲೆಕ್ಟರ್ ಹೆಸರಿನ ರಕ್ಷಣೆ ಅದು. ಬಿಳಿ ಒಂಟೆ ಆ ಕಾಲಾಳನ್ನು ಹೊಡೆಯುತ್ತದೆ, ಕಪ್ಪು ಕುದುರೆ ಎಫ್6ಕ್ಕೆ ಬರುತ್ತದೆ. ಹುಡುಗಿ ಹಿಗ್ಗಿ ಒಂಟೆಯನ್ನು ಎಫ್7ಕ್ಕೆ ನುಗ್ಗಿಸಿ ಚೆಕ್ ಕೊಟ್ಟಳು. ರಾಜ ಅದನ್ನು ಹೊಡೆದ. ಅವಳು ಕಾವಲಿಲ್ಲದ ಕಪ್ಪು ಮಂತ್ರಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಹುಡುಗ ತಣ್ಣಗೆ ಒಂಟೆಯನ್ನು ಬಿ4ಕ್ಕೆ ಇಟ್ಟು ಚೆಕ್ ಎಂದ. ತಡೆಯಲು ಮಂತ್ರಿಯೇ ಡಿ2ಕ್ಕೆ ಬರಬೇಕು, ಬಂದರೆ ಹೋಗುತ್ತದೆ. ಹೋಯಿತು. ಹತ್ತನೇ ನಡೆ ಮುಗಿದಾಗ ಹಲಗೆಯ ಮೇಲೆ ಮಂತ್ರಿಗಳಿಲ್ಲ. ಇಬ್ಬರಲ್ಲೂ ಐದೈದು ಕಾಲಾಳು, ಎರಡು ಆನೆ, ಎರಡು ಕುದುರೆ, ಒಂದೊಂದು ಒಂಟೆ. ಬಿಳಿಗೆ ರಾಜನ ಕಡೆ ಎರಡರ ಎದುರು ನಾಲ್ಕು ಕಾಲಾಳು. ಕಪ್ಪಿಗೆ ಇನ್ನೊಂದು ಕಡೆ ಒಂದರ ಎದುರು ಮೂರು.

“ಅಂಕಲ್, ಈಗ ಸಮ ಆಗೋಯ್ತಲ್ಲ. ಇಲ್ಲಿಂದ ಹೇಗೆ ಆಡೋದು?”

ಇಂಗ್ಲಂಡ್‌ನಲ್ಲಿ ಅವಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಹೇಳಲು ಏನೂ ಇರಲಿಲ್ಲ. ಇದಕ್ಕೆ ಬೇಕಾದಷ್ಟಿತ್ತು. ಹೆಚ್ಚಿರುವ ಕಡೆಯ ಕಾಲಾಳುಗಳನ್ನು ಹೇಗೆ ಮುಂದೊತ್ತಬೇಕು, ಮಂತ್ರಿಗಳಿಲ್ಲದ ಹಲಗೆಯಲ್ಲಿ ರಾಜ ಯಾಕೆ ಹೆದರದೆ ಹೊರಗೆ ಬರಬೇಕು, ಆನೆಗೆ ತೆರೆದ ಸಾಲು ಎಲ್ಲಿದೆ: ಕಪಾಬ್ಲಾಂಕ ಮೊದಲ ಪುಟಗಳಲ್ಲಿ ಕಲಿಸಹೊರಟ ವಿದ್ಯೆಯೇ ಎದುರಿಗೆ ಬಂದು ಕೂತಿತ್ತು. ಎಂಡ್‌ಗೇಮ್ ಕಲಿಯೋಣ ಬಾ ಎಂದು ಕರೆದಿದ್ದರೆ ಈ ಮಕ್ಕಳು ಆಕಳಿಸುತ್ತಿದ್ದರು. ಈಗ ಅದು ಅವರದೇ ಜಗಳದ ಮುಂದಿನ ಭಾಗ. ಒಳ್ಳೆಯ ಗ್ಯಾಂಬಿಟ್‌ಗೆ ಒಳ್ಳೆಯ ಉತ್ತರ ಸಿಕ್ಕರೆ ಆಟ ಬಹಳ ಸಲ ಬಂದು ತಲುಪುವುದು ಇಲ್ಲಿಗೇ, ಲಾಸ್ಕರ್ ಇವಾನ್ಸ್‌ಗೆ ಕೊಟ್ಟ ಉತ್ತರದ ಹಾಗೆ.

ಆದ್ದರಿಂದ ಅಪ್ಪ ಅಮ್ಮಂದಿರು ಕೇಳಿದರೆ ನಾನು ಹೇಳುವುದು ಇಷ್ಟು. ಕಾಯಿಗಳ ನಡೆ ಗೊತ್ತಾಗಿ, ಸರಳ ಚೆಕ್‌ಮೇಟ್‌ಗಳು ಕೈಗೆ ಬಂದ ಮೇಲೆ ಮಗು ಗ್ಯಾಂಬಿಟ್ ಆಡಲಿ. ಡ್ಯಾನಿಶ್ ಇರಲಿ, ಇವಾನ್ಸ್ ಇರಲಿ, ಸ್ವಲ್ಪ ಧೈರ್ಯ ಬಂದಾಗ ಕಿಂಗ್ಸ್ ಗ್ಯಾಂಬಿಟ್ ಕೂಡ. ಮೂರು ನಿಮಿಷದ ಆನ್‌ಲೈನ್ ಆಟದಲ್ಲಿ ಅಲ್ಲ, ಎದುರಾಳಿಗೆ ಯೋಚಿಸಲು ಪುರಸೊತ್ತು ಸಿಗುವ ಆಟದಲ್ಲಿ ಆಡಲಿ. ಆಟ ಮುಗಿದ ಮೇಲೆ ಇಬ್ಬರೂ ಸೇರಿ ಕಾಲಾಳನ್ನು ಎಲ್ಲಿ ಮರಳಿ ಕೊಡಬಹುದಿತ್ತು ಎಂದು ಹುಡುಕಲಿ. ಮುಂದಿನ ಆಟಕ್ಕೆ ಹಲಗೆ ತಿರುಗಿಸಲಿ. ಎಷ್ಟು ಆಟ ಗೆದ್ದಳು ಎಂದು ಆ ಹುಡುಗಿಯ ಅಪ್ಪ ಮೊನ್ನೆ ಕೇಳಿದರು. ಈ ತಿಂಗಳು ಅವಳು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೆ ಅವಳ ಆಟಗಳೀಗ ನಲವತ್ತು ನಡೆಯವರೆಗೂ ಹೋಗುತ್ತಿವೆ ಎಂದೆ. ಅವರಿಗೆ ಸಮಾಧಾನ ಆದ ಹಾಗೆ ಕಾಣಲಿಲ್ಲ. ಹುಡುಗಿ ಮಾತ್ರ ಆ ಹೊತ್ತಿಗಾಗಲೇ ಡ್ಯಾನಿಶ್‌ನ ಕಪ್ಪು ಕಡೆ ಕೂತು, ಕೊಟ್ಟದ್ದನ್ನೆಲ್ಲ ತೆಗೆದುಕೊಂಡು, ಡಿ ಕಾಲಾಳನ್ನು ಎರಡು ಮನೆ ಮುಂದಿಟ್ಟಿದ್ದಳು.